ಬ್ಯಾಟರಿ ಎಷ್ಟು ವರ್ಷ ಬರುತ್ತೆ ಅಂತ ಕೇಳುವವರು

ಬ್ಯಾಟರಿ ವ್ಯಾಪಾರ ಮಾಡುವವನು ಅವಮಾನವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಆಟೋ ಮಾಡಿಕೊಂಡು ಅಂಗಡಿಗೆ ಬರುತ್ತದೆ, ವಾರಕ್ಕೆ ಎರಡು ಸಲವಾದರೂ. ಹೊಳಲ್ಕೆರೆಯಲ್ಲಿ ಇಪ್ಪತ್ತಾರು ವರ್ಷದಿಂದ ನನ್ನದೊಂದು ಬ್ಯಾಟರಿ ಅಂಗಡಿಯಿದೆ. ಮಾರುತ್ತೇನೆ, ಚಾರ್ಜ್ ಮಾಡಿಕೊಡುತ್ತೇನೆ, ಸತ್ತದ್ದನ್ನು ಪರೀಕ್ಷೆ ಮಾಡಿ ಹೇಗೆ ಸತ್ತಿತು ಅಂತ ಹೇಳುತ್ತೇನೆ. ಈ ಕೊನೆಯ ಕೆಲಸಕ್ಕೆ ಮಾತ್ರ ಇವತ್ತಿನವರೆಗೆ ಒಬ್ಬರೂ ಉಪಕಾರ ಆಯ್ತು ಅಂದಿಲ್ಲ. ಯಾಕೆಂದರೆ ಕೊಂದವರೇ ಎದುರಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಾರೆ.

ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ವರ್ಷ ಬರ್ತೈತ್ರಿ?" ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಮನೆಗೆ ಹೊಡೆದುಕೊಂಡು ಹೋಗಿ ಮೇವು ನೀರು ಹಾಕುತ್ತಾರೆ. ಎತ್ತು ಸೊರಗಿದರೆ ಮಾರಿದವನ ಮನೆ ಬಾಗಿಲಿಗೆ ತಂದು ಕಟ್ಟುವುದಿಲ್ಲ. ಆದರೆ ಬ್ಯಾಟರಿಗೂ ಒಂದು ಹೊಟ್ಟೆ ಇದೆ, ಹೊತ್ತು ಹೊತ್ತಿಗೆ ಅದಕ್ಕೂ ಚಾರ್ಜು ಬೇಕು, ಆಗಾಗ ನೀರು ಬೇಕು ಅಂದರೆ ನಾನೇನೋ ಹೊಸ ಧರ್ಮ ಬೋಧಿಸಿದ ಹಾಗೆ ನೋಡುತ್ತಾರೆ.

ಗಿರಾಕಿಗಳದ್ದನ್ನಾದರೂ ಸಹಿಸಬಹುದು. ಹೋದ ವರ್ಷ ನಮ್ಮ ಮನೆಯಲ್ಲಿ ಮೊಮ್ಮಗನ ನಾಮಕರಣ. ಚೊಚ್ಚಲ ಹೆರಿಗೆಗೆ ಅಂತ ಮಗಳು ಏಳನೇ ತಿಂಗಳಲ್ಲೇ ತವರಿಗೆ ಬಂದಿದ್ದಳು. ನಾಮಕರಣಕ್ಕೆ ಹೊಸದುರ್ಗದಿಂದ ಬೀಗರು, ಅಂದರೆ ಅವಳ ಮಾವ, ಬಂಧು ಬಳಗ ಕಟ್ಟಿಕೊಂಡು ಬಂದರು. ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ಎಲ್ಲರಿಗೂ ಕೇಳುವ ಹಾಗೆ ಅಂದರು: "ಮದ್ವೇಲಿ ಬೀಗರು ಕೊಟ್ಟಿದ್ರಲ್ಲ ಇನ್ವರ್ಟರ್ ಬ್ಯಾಟರಿ, ಎರಡು ವರ್ಷನೂ ತುಂಬಲಿಲ್ಲ, ಹೋತು ನೋಡ್ರಿ. ಸ್ವಂತ ಮಗಳಿಗೆ ಕೊಟ್ಟಿದ್ದೇ ಹಿಂಗಾದ್ರೆ!"

ಪಂಕ್ತಿಯಲ್ಲಿ ಕೂತವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಎಲ್ಲರೂ ಎಲೆ ಬಿಟ್ಟು ನನ್ನ ಮುಖ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಪಂಚಾಯಿತಿ ಮಾಡುತ್ತಿದ್ದೆ. ಬೀಗರಿಗೆ ಏನಂತ ಅನ್ನಲಿ? ಮಗಳು ಆ ಮನೆಯಲ್ಲಿ ಬಾಳಬೇಕು. ಅವಳು ಬಾಗಿಲ ಸಂದಿಯಿಂದ ಕಣ್ಣಲ್ಲೇ ಬೇಡ ಅಂದಳು. ತುಪ್ಪದ ಜೊತೆ ಸಿಟ್ಟನ್ನೂ ನುಂಗಿದೆ. ಆದರೆ ಮನಸ್ಸಿನಲ್ಲೇ ಒಂದು ಹಟ ತೊಟ್ಟೆ. ಆ ಬ್ಯಾಟರಿ ಹೇಗೆ ಸತ್ತಿತು ಅಂತ ಪತ್ತೆ ಹಚ್ಚಬೇಕು, ಮಗಳಿಗೆ ತೊಂದರೆಯಾಗದ ಹಾಗೆ ನನ್ನ ಹೆಸರು ಉಳಿಸಿಕೊಳ್ಳಬೇಕು. ಅದು ಏನಾಯಿತು ಅಂತ ಹೇಳುವ ಮೊದಲು, ಇಷ್ಟು ವರ್ಷ ನಾನು ಏನೇನು ಕಂಡಿದ್ದೇನೆ ಅನ್ನುವುದನ್ನು ಸ್ವಲ್ಪ ಕೇಳಿ. ಆಮೇಲೆ ನನ್ನ ಸಿಟ್ಟು ನ್ಯಾಯವೋ ಅಲ್ಲವೋ ನೀವೇ ತೀರ್ಮಾನ ಮಾಡಿ.

೧. ಮಡಿಕೆ ಮುರಿಯದ ಬ್ಯಾಟರಿ

ಚಿತ್ರದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಯಜಮಾನರೊಬ್ಬರು, ನಮ್ಮ ದೂರದ ನೆಂಟರು, ಎರಡು ಬ್ಯಾಟರಿ ಕೊಂಡರು. ಒಂದು ಮನೆಗೆ, ಇನ್ನೊಂದು ಮೊದಲನೆಯದು ಹೋದಾಗ ಇರಲಿ ಅಂತ. ಮುಂದಾಲೋಚನೆಯ ಮನುಷ್ಯ. ಮೂರು ವರ್ಷ ಕಳೆದ ಮೇಲೆ ಒಂದು ದಿನ ಆ ಎರಡನೆಯದನ್ನು ನನ್ನ ಅಂಗಡಿ ಮುಂದೆ ಇಳಿಸಿದರು. ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ.

"ಸತ್ತೋಗೈತೆ. ಒಂದಿನನೂ ಬಳಸಿಲ್ಲ. ನೋಡ್ರಿ, ಹೊಸ ಪಂಚೆ ಹಂಗೆ ಮಡಿಕೆ ಸೈತ ಮುರಿದಿಲ್ಲ!"

"ಇಷ್ಟು ದಿನ ಎಲ್ಲಿಟ್ಟಿದ್ರಿ?"

"ಅಟ್ಟದ ಮ್ಯಾಲೆ. ಮೂರು ವರ್ಷದಿಂದ ಯಾರನ್ನೂ ಮುಟ್ಟಾಕೆ ಬಿಟ್ಟಿಲ್ಲ."

ಬ್ಯಾಟರಿ ಸುಮ್ಮನೆ ಕೂತರೂ ಒಳಗಿನ ಚಾರ್ಜು ದಿನದಿನಕ್ಕೆ ಸೋರುತ್ತದೆ, ಪೂರ್ತಿ ಇಳಿದ ಮೇಲೂ ಹಾಗೇ ಬಿಟ್ಟರೆ ಸೀಸದ ಹಲಗೆಗಳ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ ಅಂತ ಕಾಲು ಗಂಟೆ ವಿವರಿಸಿದೆ. ಮೂರು ತಿಂಗಳಿಗೊಮ್ಮೆ ಅಟ್ಟದಿಂದ ಇಳಿಸಿ ಚಾರ್ಜ್ ಮಾಡಬೇಕಿತ್ತು ಅಂದೆ. ಅವರು ಒಪ್ಪಲೇ ಇಲ್ಲ.

"ನನ್ನ ಅಂಗಡೀಲಿ ಹತ್ತು ವರ್ಷದ ಪಂಚೆ ಅವೆ. ಇವತ್ತು ತೆಗೆದ್ರೂ ಹೊಸ ವಾಸನೆ ಬರ್ತೈತೆ. ಇಟ್ಟಲ್ಲೇ ಕೆಡಾಕೆ ನಿಮ್ಮ ಬ್ಯಾಟರಿ ಏನು ಹಾಲಾ?"

"ಹಾಲು ಅಂತಲೇ ತಿಳ್ಕೊಳ್ಳಿ" ಅಂದೆ, ಸಾಕಾಗಿ.

ಅವರು ನನ್ನ ಮೇಜು ಕುಟ್ಟಿದರು. "ಹಂಗಾದ್ರೆ ಫ್ರಿಜ್ಜಲ್ಲಿ ಇಡ್ರಿ ಅಂತ ಅವತ್ತೇ ಹೇಳಬೇಕಿತ್ತಲ್ರೀ!"

೨. ಉಸಿರಾಡುವ ತೂತು

ಬಿ.ದುರ್ಗದ ರೈತರೊಬ್ಬರ ಟ್ರ್ಯಾಕ್ಟರ್ ಬ್ಯಾಟರಿ ಬಂತು. ಹೊಟ್ಟೆ ಉಬ್ಬಿತ್ತು. ಮೇಲೆ ನೋಡಿದರೆ ಆಯುಧಪೂಜೆಯ ವಿಭೂತಿ, ಎಡದಿಂದ ಬಲಕ್ಕೆ ಮೂರು ಗೆರೆ, ದಪ್ಪಗೆ, ಮುಚ್ಚಳಗಳ ಮೇಲೇ ಹಾದುಹೋಗಿದೆ. ಮುಚ್ಚಳದಲ್ಲಿ ಸೂಜಿಯಷ್ಟು ಸಣ್ಣ ತೂತುಗಳಿರುತ್ತವೆ. ಚಾರ್ಜ್ ಆಗುವಾಗ ಒಳಗೆ ಹುಟ್ಟುವ ಗಾಳಿ ಅಲ್ಲಿಂದಲೇ ಹೊರಗೆ ಹೋಗಬೇಕು. ಇವರು ವರ್ಷ ವರ್ಷವೂ ಹಳೆಯ ವಿಭೂತಿಯ ಮೇಲೆ ಹೊಸದು ಬಳಿದು ಗೋಡೆಗೆ ಗಾರೆ ಮಾಡಿದ ಹಾಗೆ ಮುಚ್ಚಿದ್ದಾರೆ.

ನಾನು ಬಟ್ಟೆ ತಗೊಂಡು ಒರೆಸಲು ಹೋದರೆ ಕೈ ಹಿಡಿದರು. "ಏ, ಏನ್ ಮಾಡ್ತಿದೀರಿ? ಪೂಜೆ ಮಾಡಿದ್ದು ಕಣ್ರೀ ಅದು!"

"ನಿಮ್ಮ ಮೂಗಿಗೆ ವಿಭೂತಿ ಮೆತ್ತಿದ್ರೆ ನೀವು ಬದುಕ್ತೀರಾ? ಹಣೆಗೆ ಹಚ್ಚಿ, ಬೇಡ ಅನ್ನೋದಿಲ್ಲ. ಪಕ್ಕಕ್ಕೆ ಹಚ್ಚಿ. ಆದರೆ ಅದಕ್ಕೆ ಉಸಿರಾಡೋಕೆ ಜಾಗ ಬಿಡಿ."

ಪಾಪ, ಒಳ್ಳೆಯ ಮನುಷ್ಯ. ತಪ್ಪಾಯ್ತು ಅಂತ ಕೆನ್ನೆ ಬಡಿದುಕೊಂಡು ಹೊಸ ಬ್ಯಾಟರಿ ತಗೊಂಡು ಹೋದರು. ಇಷ್ಟು ವರ್ಷದಲ್ಲಿ ಒಬ್ಬನಿಗಾದರೂ ಬುದ್ಧಿ ಬಂತಲ್ಲ ಅಂತ ಆ ದಿನ ಹೆಂಡತಿಗೆ ಹೇಳಿಕೊಂಡು ಹಿಗ್ಗಿದೆ.

ಮುಂದಿನ ಆಯುಧಪೂಜೆ ಮುಗಿದ ಮರುದಿನ ಅದೇ ಬ್ಯಾಟರಿ ವಾಪಸ್ ಬಂತು. ವಿಭೂತಿಯ ಒಂದು ಕಣವೂ ಇಲ್ಲ, ತೊಳೆದ ಹಾಗಿದೆ. ಆದರೆ ಮೇಲುಭಾಗ ಅಡ್ಡಡ್ಡ ಸೀಳಿದೆ, ಒಳಗಿನಿಂದ ಕಾಯಿನೀರಿನ ವಾಸನೆ ಬರುತ್ತಿದೆ. ವಿಭೂತಿ ಬೇಡ ಅಂದರಲ್ಲ, ಬರಿಗೈಯಲ್ಲಿ ಪೂಜೆ ಹೇಗೆ ಮುಗಿಸುವುದು ಅಂತ ಬ್ಯಾಟರಿಯ ಮೇಲೇ ತೆಂಗಿನಕಾಯಿ ಒಡೆದಿದ್ದರು.

ನಾನು ಬಗ್ಗಿ ಆ ಸೀಳಿನೊಳಗೆ ನೋಡಿದೆ. ಅವರೇ ನನಗೆ ಸಮಾಧಾನ ಹೇಳಿದರು: "ಉಸಿರಾಡಾಕೆ ಈಗ ಜಾಗ ಜಾಸ್ತಿನೇ ಆಗೈತೆ ಬಿಡ್ರಿ."

೩. ಮಳೆ ಬಂದಾಗ ಕೊಡೆ

ಇದು ಚಿಕ್ಕದು. ಹಿರಿಯೂರಿನ ಒಂದು ಕಲ್ಯಾಣ ಮಂಟಪದ ಮ್ಯಾನೇಜರ್ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದರು. ಮುಹೂರ್ತದ ಹೊತ್ತಿಗೆ ಕರೆಂಟ್ ಹೋಗಿ, ಇನ್ವರ್ಟರ್ ಎರಡೇ ನಿಮಿಷಕ್ಕೆ ಕೀ ಕೀ ಅಂತ ಕೂಗಿ ಮಲಗಿತಂತೆ. ಪುರೋಹಿತರು ಕತ್ತಲಲ್ಲಿ ಹುಡುಗನ ಕೈಗೆ ಕಟ್ಟುವ ಕಂಕಣವನ್ನು ಹುಡುಗಿಯ ಸೋದರಮಾವನ ಕೈಗೆ ಕಟ್ಟಿದರಂತೆ.

ನಾನು ಬಸ್ ಹತ್ತಿ ಹೋದೆ. ಇನ್ವರ್ಟರಿಗೆ ಕರೆಂಟು ಬರುವ ಸ್ವಿಚ್ಚೇ ಆರಿದೆ.

"ಇದನ್ನು ಯಾರು ಆಫ್ ಮಾಡಿದ್ದು?"

"ನಾನೇ. ದಿನಾ ಆಫ್ ಮಾಡಿರ್ತೀನಿ. ಕರೆಂಟ್ ಇರೋವಾಗ ಇನ್ವರ್ಟರ್ ಯಾಕೆ ಬೇಕು? ಕರೆಂಟ್ ಹೋದಾಗ ಮಾತ್ರ ಆನ್ ಮಾಡ್ತೀನಿ."

ಕರೆಂಟ್ ಇದ್ದಾಗಲೇ ಅದು ಚಾರ್ಜ್ ಆಗಬೇಕು ಸ್ವಾಮಿ, ಹೋದ ಮೇಲೆ ಆನ್ ಮಾಡಿದರೆ ಅದು ಎಲ್ಲಿಂದ ತಂದು ಕೊಡಬೇಕು ಅಂತ ಕೂಗಾಡಿದೆ. ಮ್ಯಾನೇಜರ್ ಒಂದಿಷ್ಟೂ ಅಲುಗಲಿಲ್ಲ. ನಾನೇ ಅರೆಹುಚ್ಚ ಅನ್ನುವ ಹಾಗೆ ನೋಡಿ ಹೇಳಿದರು: "ಮಳೆ ಬಂದಾಗ ತಾನೇ ಕೊಡೆ ಬಿಚ್ಚಾದು? ನೀವೇನು ಬಿಸ್ಲಾಗೆ ಬಿಚ್ಕಂಡು ಅಡ್ಡಾಡ್ತೀರಾ?"

ಬಿಸಿಲಿಗೆ ತಲೆ ಸುಡುತ್ತಿತ್ತು. ಕೈಯಲ್ಲಿ ನಿಜವಾಗಲೂ ಕೊಡೆ ಹಿಡಿದುಕೊಂಡೇ ಹೋಗಿದ್ದೆ. ಅದನ್ನು ಬಿಚ್ಚದೆ ಬಸ್‌ಸ್ಟ್ಯಾಂಡಿನವರೆಗೆ ನಡೆದೆ.

೪. ಎಂಬತ್ತಕ್ಕೆ ನಿಲ್ಲಿಸಿ

ನಮ್ಮೂರಿನ ವಿಮಾ ಏಜೆಂಟರೊಬ್ಬರು ಎಲೆಕ್ಟ್ರಿಕ್ ಸ್ಕೂಟರ್ ತಗೊಂಡರು. ಅದನ್ನು ಮಾರಿದವನು ನಾನಲ್ಲ, ಅದರ ಚಕ್ರವನ್ನೂ ನಾನು ಮುಟ್ಟಿಲ್ಲ. ಆದರೂ ಬ್ಯಾಟರಿ ಅನ್ನುವ ಹೆಸರಿದೆಯಲ್ಲ, ದೂರೆಲ್ಲ ನನ್ನ ಹತ್ತಿರ. "ಶೋರೂಮಲ್ಲಿ ಹೇಳಿದಷ್ಟು ದೂರ ಓಡಲ್ಲ ಕಣ್ರೀ. ಚಿತ್ರದುರ್ಗಕ್ಕೆ ಹೋಗಿ ನಾಲ್ಕು ಕಡೆ ಸುತ್ತಿ ಬರೋದ್ರಾಗೆ ಉಸಿರು ಬಿಡ್ತೈತೆ."

ಇಬ್ಬರನ್ನು ಕೂರಿಸಿಕೊಂಡು, ಗಾಳಿ ಇಳಿದ ಟೈರಿನಲ್ಲಿ, ಹಿಂದಿರುವವನು ನೋಡಲಿ ಅಂತ ಜೋರಾಗಿ ಓಡಿಸಿದರೆ ಉಸಿರು ಬಿಡದೆ ಏನು ಮಾಡುತ್ತದೆ? ಅದನ್ನು ಹೇಳಿದೆ. ಜೊತೆಗೆ ಒಂದು ಒಳ್ಳೆಯ ಮಾತನ್ನೂ ಹೇಳಿದೆ: "ಬ್ಯಾಟರಿ ಬಾಳಿಕೆ ಬರಬೇಕು ಅಂದ್ರೆ ದಿನಾ ನೂರು ಪರ್ಸೆಂಟ್ ಚಾರ್ಜ್ ತುಂಬಬೇಡಿ. ಎಂಬತ್ತಕ್ಕೆ ಬಂದಾಗ ತೆಗೆದುಬಿಡಿ." ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಟ್ಟ ದುಡ್ಡಿಗೆ ನೂರು ಬರಬೇಕು ಅನ್ನುವ ಜನ.

ಒಂದು ದಿನ ಚಿತ್ರದುರ್ಗದಿಂದ ಬರುವಾಗ ಭೀಮಸಮುದ್ರದ ಹತ್ತಿರ ಸ್ಕೂಟರ್ ಮಲಗುವುದರಲ್ಲಿತ್ತು. ಅಲ್ಲಿ ಇವರ ಅತ್ತಿಗೆಯ ಕಡೆಯ ಅಡಿಕೆ ವ್ಯಾಪಾರಿಗಳ ಮನೆ ಇದೆ. ಹತ್ತು ವರ್ಷದಿಂದ ಹೋಗಿರಲಿಲ್ಲ. ಸುಮ್ಮನೆ ಚಾರ್ಜ್ ಹಾಕಿಕೊಳ್ಳಲು ಬಂದೆ ಅನ್ನಲು ನಾಚಿಕೆಯಾಗಿ, "ಹಿಂಗೇ ನೋಡ್ಕಂಡು ಹೋಗಾಣ ಅಂತ ಬಂದೆ" ಅಂದಿದ್ದಾರೆ. ವಯರು ಚುಚ್ಚಿ ಕೂತಿದ್ದಾರೆ.

ಆ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಮಗಳು. ಇವರ ಮನೆಯಲ್ಲಿ ಮದುವೆಯಾಗದ ತಮ್ಮ. ಹತ್ತು ವರ್ಷದ ಮೇಲೆ ಬಂದವರು ನೋಡಿಕೊಂಡು ಹೋಗೋಣ ಅಂದರೆ ಯಾರಿಗಾದರೂ ಏನು ಅರ್ಥವಾಗಬೇಕು? ಚಾರ್ಜು ಮೂವತ್ತಕ್ಕೆ ಬಂದಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಐವತ್ತಕ್ಕೆ ಮನೆಯ ಹಿರಿಯರು ಪಂಚೆ ಬದಲಾಯಿಸಿ ಬಂದು ಕೂತರು. ಎಪ್ಪತ್ತಕ್ಕೆ ಹುಡುಗಿ ರೇಷ್ಮೆ ಸೀರೆ ಉಟ್ಟು ಕಾಫಿ ತಂದಳು. ನೂರಾಗುವವರೆಗೆ ಕಾಯೋಣ ಅಂತ ಇವರು ಕೂತೇ ಇದ್ದರು. ತೊಂಬತ್ತೈದಕ್ಕೆ ಜಾತಕ ಕೈಗೆ ಬಂತು, ಒಲ್ಲೆ ಅನ್ನುವ ಧೈರ್ಯ ಬರಲಿಲ್ಲ.

ಮರುದಿನ ಬೆಳಗ್ಗೆ ಜಾತಕ ಹಿಡಿದುಕೊಂಡೇ ಅಂಗಡಿಗೆ ಬಂದರು. ಮುಖ ಸಣ್ಣದಾಗಿತ್ತು. "ಎಂಬತ್ತಕ್ಕೆ ನಿಲ್ಲಿಸ್ರಿ ಅಂತ ನೀವು ಬಡ್ಕಂಡಿದ್ದು ಇದಕ್ಕೇನಾ? ಸರಿಯಾಗಿ ಬಿಡಿಸಿ ಹೇಳಾಕೆ ಏನಾಗಿತ್ರಿ ನಿಮಗೆ?"

೫. ಬೀಗರ ಮನೆಯ ನೀರು

ಈಗ ನನ್ನ ಸ್ವಂತ ಸಂಕಟಕ್ಕೆ ಬರುತ್ತೇನೆ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರೇ ಆಗಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಹೇಗಿದೆ ಅಂತ ನಮ್ಮ ಜನರ ಹಲ್ಲಿನ ಕರೆ ನೋಡಿದರೆ ಗೊತ್ತಾಗುತ್ತದೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ. ಅಂಥ ನೀರು ಬ್ಯಾಟರಿಗೆ ವಿಷ. ಅದಕ್ಕೇ ಮದುವೆಯಲ್ಲಿ ಬ್ಯಾಟರಿ ಕೊಟ್ಟಾಗಲೇ ಐದು ಲೀಟರಿನ ಒಂದು ಕ್ಯಾನು ಬ್ಯಾಟರಿ ನೀರು ಕೊಟ್ಟಿದ್ದೆ. ಮುಗಿದ ಹಾಗೆಲ್ಲ ಬಸ್ಸಿನಲ್ಲಿ ಕಳಿಸುತ್ತಿದ್ದೆ. ಮಗಳು ನನ್ನ ಅಂಗಡಿಯಲ್ಲೇ ಬೆಳೆದವಳು, ಗಂಡನ ಮನೆಯಲ್ಲಿರುವವರೆಗೂ ಅವಳೇ ಹಾಕುತ್ತಿದ್ದಳು. ಹೆರಿಗೆಗೆ ಬರುವಾಗ ಅತ್ತೆಗೆ ಎಲ್ಲ ತೋರಿಸಿಕೊಟ್ಟು ಬಂದಿದ್ದಳು. ಆಮೇಲೂ ನಾನು ಮೂರು ಕ್ಯಾನು ಕಳಿಸಿದ್ದೆ. ಅಷ್ಟಾದರೂ ಬ್ಯಾಟರಿ ಸತ್ತಿತು ಅಂದರೆ?

ನಾಮಕರಣವಾಗಿ ಎರಡು ತಿಂಗಳಿಗೆ ಬಾಣಂತಿ ಮಗಳನ್ನೂ ಮಗುವನ್ನೂ ಗಂಡನ ಮನೆಗೆ ಬಿಡಲು ಕಾರಿನಲ್ಲಿ ಹೊರಟೆವು. ಹಿಂದಿನ ಡಿಕ್ಕಿಯಲ್ಲಿ ತೊಟ್ಟಿಲು, ಅದರ ಪಕ್ಕ ಒಂದು ಹೊಸ ಬ್ಯಾಟರಿ. ಜೇಬಿನಲ್ಲಿ ಆಸಿಡ್ ಅಳೆಯುವ ಗಾಜಿನ ಕೊಳವೆ. ಹೊಳಲ್ಕೆರೆ ದಾಟಿದಾಗಿನಿಂದ ಹೊಸದುರ್ಗದವರೆಗೂ ಹೆಂಡತಿಯದು ಒಂದೇ ಮಂತ್ರ: "ಬಾಯಿ ಬಿಟ್ಟೀರಾ ಜೋಕೆ. ಅವಳು ಅಲ್ಲಿ ಬಾಳ್ವೆ ಮಾಡಬೇಕು."

ಮಗುವಿಗೆ ಆರತಿ ಆಯಿತು. "ಬರ್ರಿ ಬೀಗರೇ, ಕುಂತ್ಕಳ್ರಿ" ಅಂತ ಬೀಗರು ಚಾಪೆ ಹಾಸಿದರು. ಬೀಗಿತ್ತಿ, ಅಂದರೆ ಮಗಳ ಅತ್ತೆ, ತಟ್ಟೆಯಲ್ಲಿ ಬೆಲ್ಲ, ಕಂಚಿನ ಚೊಂಬಿನಲ್ಲಿ ನೀರು ತಂದಿಟ್ಟರು. ಬಿಸಿಲಿನಲ್ಲಿ ಬಂದಿದ್ದೆ. ಎರಡು ಲೋಟ ಕುಡಿದೆ. ಹೊಸದುರ್ಗದಲ್ಲಿ ಇಂಥ ತಿಳಿಯಾದ ನೀರೇ ಅಂತ ಆಶ್ಚರ್ಯವಾಗಿ, "ನೀರು ಚೆನ್ನಾಗಿದೆ" ಅಂದೆ. ಬೀಗಿತ್ತಿ ಸಂತೋಷದಿಂದ ಮೂರನೆಯ ಲೋಟ ಬಗ್ಗಿಸಿದರು. ಅದನ್ನೂ ಕುಡಿದೆ.

ಆಮೇಲೆ ನಡುಮನೆಯ ಮೂಲೆಯಲ್ಲಿದ್ದ ಬ್ಯಾಟರಿಯ ಮುಚ್ಚಳ ಬಿಚ್ಚಿದೆ. ಸ್ನಾನದ ಹಂಡೆಯ ತಳದ ಹಾಗೆ ಒಳಗೆಲ್ಲ ಬಿಳಿ ಕರೆ. ಕೊಳವೆ ಹಾಕಿ ಅಳೆದರೆ ಆಸಿಡ್ ಅನ್ನುವುದೇ ಇಲ್ಲ, ಬರೀ ನೀರು. ತುಂಬಿ ತುಳುಕಿ ಹೊರಗೆ ಹರಿದು ನೆಲದ ಬಣ್ಣ ಹೋಗಿದೆ. ನಾನು ಬೀಗರ ಕಡೆ ತಿರುಗಿದೆ. ಹೆಂಡತಿ ಕೆಮ್ಮಿದಳು. ಆದಷ್ಟು ಮೆತ್ತಗೆ ಕೇಳಿದೆ: "ಇದಕ್ಕೆ ನೀರು ಹಾಕ್ತಿದ್ರಾ?"

ಬೀಗಿತ್ತಿಗೆ ಬೇಜಾರಾಯಿತು. "ಹಾಕದೆ ಬಿಡ್ತೀವಾ? ಸೊಸಿ ಹೇಳಿ ಹೋಗಿದ್ಲು. ಸೋಮವಾರ ಸೋಮವಾರ ತಪ್ಪದಂಗೆ ಒಂದೊಂದು ಲೋಟ ಹಾಕೀವಿ, ಬೇಕಿದ್ರೆ ಇವರನ್ನ ಕೇಳ್ರಿ."

"ಯಾವ ನೀರು?"

"ಯಾವ್ದು ಅಂದ್ರೆ? ನಲ್ಲೀದು."

"ನಲ್ಲಿಯದಾ? ಮತ್ತೆ ನಾನು ಕಳಿಸಿದ ಕ್ಯಾನು?"

ಬೀಗಿತ್ತಿಯ ಮುಖ ಅರಳಿತು. "ಅಯ್ಯೋ, ಅದಾ? ಎಂಥ ನೀರು ಅದು! ಅಷ್ಟು ಒಳ್ಳೆ ನೀರ ಆ ಕರೀ ಡಬ್ಬಕ್ಕೆ ಸುರಿಯಾಕೆ ಮನಸ್ಸಾದ್ರೂ ಹೆಂಗೆ ಬರ್ತೈತ್ರಿ? ಬಂದೋರಿಗೆ ಹೋದೋರಿಗೆ ಅಂತ ಎತ್ತಿಟ್ಟೀನಿ. ಈ ಬೀದೀಲಿ ಯಾರು ಜ್ವರ ಬಂದು ಮಲಗಿದ್ರೂ ನಮ್ಮ ಬೀಗರ ನೀರೇ ಒಂದು ಲೋಟ ಕೊಡಾದು. ಈಗ ನೀವು ಮೂರು ಲೋಟ ಕುಡಿದ್ರಲ್ಲ, ಅದೇ ಕಣ್ರಿ!"

ಇಪ್ಪತ್ತಾರು ವರ್ಷ ಬ್ಯಾಟರಿಗೆ ಹಾಕಿದ ನೀರನ್ನು ಅವತ್ತು ನನ್ನ ಹೊಟ್ಟೆಗೇ ಹಾಕಿಕೊಂಡಿದ್ದೆ. ಕುಡಿದರೆ ಸಾಯುವುದಿಲ್ಲ, ನಿಜ, ಆದರೆ ಕುಡಿಯುವುದಕ್ಕೆ ಅಂತ ನಾನು ಅದನ್ನು ಕಳಿಸಿರಲಿಲ್ಲವಲ್ಲ! ಮಗಳು ಮಗುವಿನ ಮೈಮೇಲೆ ಮುಖವಿಟ್ಟುಕೊಂಡಿದ್ದಳು, ಭುಜ ಮಾತ್ರ ಕುಣಿಯುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು, ಮನುಷ್ಯರು ಕುಡಿಯುವ ನೀರು ಬೇರೆ, ಬ್ಯಾಟರಿ ಕುಡಿಯುವ ನೀರು ಬೇರೆ ಅಂತ ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ.

ಬೀಗರು ಬಂದು ಬ್ಯಾಟರಿಯೊಳಗಿನ ಕರೆ ನೋಡಿದರು. ನ್ಯಾಯವಂತರು, ಆ ಮಾತು ಒಪ್ಪಬೇಕು. "ಹಂಗಾದ್ರೆ ತಪ್ಪು ನಮ್ದೇ. ನಾಲ್ಕು ಜನರ ಮುಂದೆ ನಿಮ್ಮನ್ನ ಅಂದೀನಿ. ಮಗೂನ ಹುಟ್ಟಿದ ಹಬ್ಬದಾಗೆ ಅದೇ ನಾಲ್ಕು ಜನರ ಮುಂದೆ ವಾಪಸ್ ತಗಂತೀನಿ" ಅಂದರು. ನನಗೆ ಅಷ್ಟು ಸಾಕಾಗಿತ್ತು. ಹೊಸ ಬ್ಯಾಟರಿ ಕೂರಿಸಿದೆ. ಅವತ್ತಿಂದ ತಿಂಗಳಿಗೆ ಎರಡು ಕ್ಯಾನು ಕಳಿಸತೊಡಗಿದೆ. ಕೆಂಪು ದಾರ ಕಟ್ಟಿದ್ದು ಬ್ಯಾಟರಿಗೆ. ಬಿಳಿ ದಾರದ್ದು ನಮ್ಮೂರಿನ ಶುದ್ಧ ನೀರಿನ ಘಟಕದಿಂದ ಹಿಡಿದದ್ದು, ಮನುಷ್ಯರಿಗೆ. ಇನ್ನು ಮೇಲೆ ಕೆಂಪು ಕ್ಯಾನಿನ ಉಸ್ತುವಾರಿ ತನ್ನದು ಅಂದ ಮಗಳು ಮಗುವಿನ ಗಲಾಟೆಯಲ್ಲಿ ಅದನ್ನು ಮತ್ತೆ ಅತ್ತೆಗೇ ಬಿಟ್ಟಿದ್ದಳು. ಅದು ನನಗೆ ಗೊತ್ತಿರಲಿಲ್ಲ.

ಹುಟ್ಟಿದ ಹಬ್ಬ ಹೊಸದುರ್ಗದಲ್ಲೇ ಆಯಿತು. ಅದೇ ನೆಂಟರು, ಅದೇ ಗಿರಾಕಿಗಳು, ಅದೇ ಪಂಕ್ತಿ. ಹೋಳಿಗೆ ಬಡಿಸುವ ಹೊತ್ತಿಗೆ ಬೀಗರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಎಲ್ರೂ ಕೇಳ್ರಿ. ನಾಮಕರಣದಾಗೆ ನಾನು ಬೀಗರ ಬ್ಯಾಟರಿಗೆ ಹೆಸರಿಟ್ಟಿದ್ದೆ. ಅವರ ಬ್ಯಾಟರೀದು ಏನೂ ತಪ್ಪಿರಲಿಲ್ಲ, ತಪ್ಪು ನಮ್ಮ ನೀರಿಂದು. ಅವರಂಥ ಪ್ರಾಮಾಣಿಕರು ಈ ಜಿಲ್ಲೇಲೇ ಇಲ್ಲ."

ನನ್ನ ಎದೆ ತುಂಬಿ ಬಂತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀಗರು ಕೂರಲು ಹೋದವರು ಮತ್ತೆ ಎದ್ದರು.

"ಒಂದೇ ಒಂದು ಮಾತು ಬೀಗರೇ, ತಪ್ಪು ತಿಳ್ಕಬ್ಯಾಡ್ರಿ. ನೀವು ಬಿಳೀ ದಾರ ಕಟ್ಟಿ ಕಳಿಸ್ತೀರಲ್ಲ, ಆ ನೀರು ಮೊದಲಿನ ನೀರಿನಷ್ಟು ರುಚಿ ಇಲ್ಲ. ಅದಕ್ಕೇ ನಿಮ್ಮ ಬೀಗಿತ್ತಿ ದಾರ ಬಿಚ್ಚಿ ಅದಲು ಬದಲು ಕಟ್ಟಿಬಿಟ್ಟಾಳೆ. ನೀವು ಕೆಂಪು ಕಟ್ಟಿ ಕಳಿಸಿದ್ದು ನಾವು ಕುಡೀತೀವಿ, ಬಿಳಿ ಕಟ್ಟಿದ್ದು ಬ್ಯಾಟರಿಗೆ ಹಾಕ್ತೀವಿ."

ನಾನು ಬಾಯಿಗಿಟ್ಟುಕೊಂಡ ಹೋಳಿಗೆ ಅಲ್ಲೇ ನಿಂತಿತು. ಪಕ್ಕದ ಎಲೆಯಲ್ಲಿ ಕೂತಿದ್ದ ನನ್ನ ಹಳೇ ಗಿರಾಕಿ, ತುಪ್ಪದ ಕೈಯಲ್ಲೇ ನನ್ನ ಮೊಣಕೈ ತಿವಿದು ಕೇಳಿದರು:

"ಹಂಗಾದ್ರೆ ಈ ಬ್ಯಾಟರಿ ಎಷ್ಟು ವರ್ಷ ಬರ್ತೈತ್ರಿ?"